ಇರುಂಗಾಟ್ಟುಕೋಟೆಗೆ ಒಂದು ಗಾಡಿ

ಮದರಾಸಿನಿಂದ ಬೆಂಗಳೂರಿಗೆ ರಸ್ತೆಯ ಮೇಲೆ ಹೋಗಿಬರುವ ನಮ್ಮ ಕನ್ನಡ ಕುಟುಂಬಗಳಿಗೆ ಶ್ರೀಪೆರುಂಬುದೂರು ಪರಿಚಯದ ಊರೇ. ರಾಮಾನುಜಾಚಾರ್ಯರು ಹುಟ್ಟಿದ ಸ್ಥಳವೆಂದು ಹಿರಿಯರು ಕಾರಿನೊಳಗಿನಿಂದಲೇ ಕೈಮುಗಿಯುತ್ತಾರೆ. ಮುಂದೆ ನಮ್ಮ ಮೇಲುಕೋಟೆಗೆ ಬಂದು ನೆಲೆಸಿದವರಲ್ಲವೇ ಅವರು? ಆದರೆ ಆ ಊರು ಸಿಗುವುದಕ್ಕೆ ಸ್ವಲ್ಪ ಮುಂಚೆ, ಇರುಂಗಾಟ್ಟುಕೋಟೆಯೆಂಬಲ್ಲಿ ಒಂದು ಓಟದ ಬಯಲು ಉಂಟೆಂಬುದನ್ನು ಬಲ್ಲವರು ಕಡಿಮೆ. ಅಲ್ಲಿ ಓಡುವುದು ಕುದುರೆಯಲ್ಲ, ಮೋಟಾರು. ಎಷ್ಟೋ ವರ್ಷ ನಾವೂ ಅದರ ಬಳಿ ಹಾದುಹೋದವರೇ ಹೊರತು ಒಳಗೆ ಕಾಲಿಟ್ಟವರಲ್ಲ. ನಮ್ಮಿಬ್ಬರನ್ನು, ಅಂದರೆ ದೊಡ್ಡಪ್ಪ ದೊಡ್ಡಮ್ಮಂದಿರನ್ನು, ಅಲ್ಲಿಗೆ ಎಳೆದೊಯ್ದದ್ದು ತಮ್ಮನ ಮಗನ ಕಾರು; ಸರಿಯಾಗಿ ಹೇಳುವುದಾದರೆ, ಇಲ್ಲವಾದ ಕಾರು.

2023ರ ಡಿಸೆಂಬರ್ ಮೊದಲ ವಾರದಲ್ಲಿ ಮಿಚಾಂಗ್ ಚಂಡಮಾರುತದ ಮಳೆ ಬಂದದ್ದು ಇಲ್ಲಿರುವ ಯಾರಿಗೂ ಮರೆತಿರಲಾರದು. ವೇಳಚೇರಿಯಲ್ಲಿ ತಮ್ಮನ ಮನೆಯ ಕೆಳಗೆ ನಿಂತಿದ್ದ ಪೋಲೋ ಕಾರು ಸ್ಟಿಯರಿಂಗ್ ಮುಳುಗುವಷ್ಟು ನೀರಿನಲ್ಲಿ ಎರಡು ದಿನ ಕುಳಿತಿತು. ಹುಡುಗ ಬುದ್ಧಿವಂತ, ನೀರಿಳಿದ ಮೇಲೂ ಕೀಲಿ ತಿರುಗಿಸಲಿಲ್ಲ. ನೀರು ಕುಡಿದ ಎಂಜಿನ್ನನ್ನು ಚಾಲೂ ಮಾಡಿದರೆ ಒಳಗಿನ ಕಡ್ಡಿಗಳು ಬಾಗಿ ಮುರಿಯುತ್ತವೆ. ಆಮೇಲೆ ವಿಮೆಯವರು, ಅದು ನೆರೆಯಿಂದಾದ ಹಾನಿಯಲ್ಲ, ನಿಮ್ಮ ಕೈಯಿಂದಾದದ್ದು ಎನ್ನುತ್ತಾರೆ.

ವಿಮೆಯ ಲೆಕ್ಕವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ, ವಾಚಕರಿಗೂ ಉಪಯೋಗವಾದೀತು. ಪಾಲಿಸಿಯಲ್ಲಿ ಗಾಡಿಗೆ ಒಂದು ಬೆಲೆ ನಮೂದಾಗಿರುತ್ತದೆ. ರಿಪೇರಿಯ ಖರ್ಚು ಆ ಬೆಲೆಯ ನೂರಕ್ಕೆ 75ನ್ನು ಮೀರಿದರೆ ಗಾಡಿ ತೀರಿತೆಂದು ಬರೆದು, ಆ ಬೆಲೆಯನ್ನು ಕೊಟ್ಟು ಮುಗಿಸುತ್ತಾರೆ. ಆದರೆ ಬೆಲೆ ವರ್ಷವರ್ಷಕ್ಕೆ ಇಳಿಯುತ್ತ ಹೋಗುವಂಥದು. ಮೂರು ವರ್ಷ ದಾಟಿದ ಗಾಡಿಗೆ ಸಾಮಾನ್ಯವಾಗಿ ನೂರಕ್ಕೆ 40 ಕಳೆದಿರುತ್ತದೆ. ಹೀಗಾಗಿ ಕೈಗೆ ಬಂದ ಹಣದಲ್ಲಿ ಹೊಸ ಗಾಡಿ ಬರುವಂತಿರಲಿಲ್ಲ. ಕೈಯಿಂದ ಹಾಕಿ ಅದನ್ನೇ ಕೊಳ್ಳೋಣವೆಂದರೆ, ಪೋಲೋ ನಮ್ಮ ದೇಶದಲ್ಲಿ 2022ರಲ್ಲೇ ನಿಂತುಹೋಗಿತ್ತು.

ಇಷ್ಟೇ ಆಗಿದ್ದರೆ ಬೇರೊಂದು ಗಾಡಿ ಕೊಂಡು ಸುಮ್ಮನಾಗಬಹುದಿತ್ತು. ಆದರೆ ಈ ಹುಡುಗ ವರ್ಷಕ್ಕೆ ನಾಲ್ಕಾರು ಭಾನುವಾರ ಅದೇ ಗಾಡಿಯನ್ನು ಇರುಂಗಾಟ್ಟುಕೋಟೆಗೆ ಒಯ್ದು, ಶುಲ್ಕ ಕಟ್ಟಿ, ಬಯಲನ್ನು ಸುತ್ತಿಬರುತ್ತಿದ್ದ. ಗೆಲ್ಲುವ ಪಂದ್ಯವಲ್ಲ, ಗಡಿಯಾರದೊಡನೆ ಪಂದ್ಯ. ತಮ್ಮನ ಹೆಂಡತಿಗೆ ಇದು ಹಿಡಿಸದ ಸಂಗತಿ. ನಮ್ಮನ್ನು ಕಂಡೊಡನೆ ಆಕೆ ಕಾಫಿಯ ಲೋಟ ಮುಂದಿಟ್ಟು ಹೇಳಿದಳು:

“ಭಾವ, ನೀವೇ ಹೇಳಿ. ನೀರಿನಲ್ಲಿ ಹೋಯಿತು, ಹಣ ಬಂತು. ಅಲ್ಲಿ ಓಡಿಸುವಾಗ ಹೋಗಿದ್ದರೆ?”

ಮಾತು ನಿಜ. ಓಟ, ವೇಗಪರೀಕ್ಷೆ ಇಂಥವುಗಳಲ್ಲಿ ಆದ ಹಾನಿಗೆ ಸಾಧಾರಣ ಪಾಲಿಸಿಯಲ್ಲಿ ಬಿಡಿಗಾಸೂ ಇಲ್ಲ. ಮೈಸೂರಿನಲ್ಲಿ ನಮ್ಮ ತಾಯಿಗೆ ಎಂಬತ್ತೆಂಟು. ರಾತ್ರೋರಾತ್ರಿ ಹೊರಡಬೇಕಾದ ಪ್ರಸಂಗ ಎರಡು ಸಲ ಬಂದಿತ್ತು. ಮನೆಯಲ್ಲಿ ನಂಬಿಕೆಯ ಗಾಡಿ ಇರಲೇಬೇಕು. ಕೊನೆಗೆ ಆದ ಒಪ್ಪಂದವಿದು: ವಿಮೆಯ ಹಣ ಮನೆಯ ಗಾಡಿಗೆ. ಬಯಲಿನ ಗಾಡಿ ಹುಡುಗನ ಸ್ವಂತ ಉಳಿತಾಯದಿಂದ, ಬೇರೆಯಾಗಿ, ಹಳೆಯದು. ಆರಿಸುವಾಗ ದೊಡ್ಡಪ್ಪ ದೊಡ್ಡಮ್ಮ ಜೊತೆಯಲ್ಲಿರತಕ್ಕದ್ದು. ಮೋಟಾರಿನ ವಿಷಯದಲ್ಲಿ ನಮ್ಮ ಪಾಂಡಿತ್ಯ ಪೆಟ್ರೋಲ್ ತುಂಬಿಸುವವರೆಗೆ ಮಾತ್ರ. ಆದರೂ ಹಿರಿಯರೆಂಬ ಮರ್ಯಾದೆ.

ಹುಡುಗ ಮೊದಲು ಕರೆದೊಯ್ದದ್ದು ಪುದುಪೇಟೆಗೆ. ಎಗ್ಮೋರಿಗೆ ಸಮೀಪ, ಕೂವಂ ಹೊಳೆಯ ಮಗ್ಗುಲಲ್ಲಿ, ಬೀದಿಗೆ ಬೀದಿಯೇ ಹಳೆಯ ಮೋಟಾರುಗಳ ಅಂಗಾಂಗಗಳಿಂದ ತುಂಬಿದ ಪೇಟೆಯದು. ಒಂದು ಅಂಗಡಿಯಲ್ಲಿ ಬರೀ ಬಾಗಿಲುಗಳು, ಗೋಡೆಗೆ ಒರಗಿಸಿದ ಪುಸ್ತಕಗಳಂತೆ. ಮುಂದಿನದರಲ್ಲಿ ಬರೀ ದೀಪಗಳು. ಅದರಾಚೆ ಎಣ್ಣೆ ಸುರಿಯುವ ಎಂಜಿನ್ನುಗಳು ಮಣೆ ಹಾಕಿ ಕೂರಿಸಿದ ಅತಿಥಿಗಳಂತೆ ಸಾಲಾಗಿ. ನಡೆಯುವ ದಾರಿಯೆಲ್ಲ ಗ್ರೀಸು. ನಮ್ಮಾಕೆ ಸೀರೆಯ ನೆರಿಗೆಯನ್ನು ಎತ್ತಿ ಹಿಡಿದೇ ನಡೆದಳು. ಕಾರು ಕೊಳ್ಳುವುದಕ್ಕೆ ಮುಂಚೆ ಬಿಡಿಭಾಗದ ಪೇಟೆಗೇಕೆ ಎಂದು ಕೇಳಿದೆವು. “ದೊಡ್ಡಪ್ಪ, ಬಯಲಿನಲ್ಲಿ ಗಾಡಿ ಮುರಿಯುವುದು ಖಂಡಿತ. ಯಾವುದರ ಸಾಮಾನು ಇಲ್ಲಿ ರಾಶಿ ಬಿದ್ದಿದೆಯೋ ಅದನ್ನೇ ಕೊಳ್ಳಬೇಕು” ಎಂದ. ಹೆಣ್ಣು ನೋಡುವುದಕ್ಕೆ ಮುಂಚೆ ಬೀಗರ ಊರು ನೋಡುವ ನಮ್ಮ ಹಳೆಯ ಪದ್ಧತಿಯೇ ಇದು ಎನ್ನಿಸಿ ಸಮಾಧಾನವಾಯಿತು.

ಅವನ ಮನಸ್ಸು ಮೊದಲು 2000 ಮತ್ತು 2003ರ ನಡುವೆ ಬಂದ ಹೋಂಡಾ ಸಿಟಿ ವಿ-ಟೆಕ್ ಮೇಲಿತ್ತು. ಒಂದೂವರೆ ಲೀಟರಿನ ಎಂಜಿನ್, ನೂರಕ್ಕೂ ಮಿಕ್ಕ ಕುದುರೆಯ ಬಲ. ಓಟದ ಹುಡುಗರು ಅದರ ಹೆಸರನ್ನು ಭಕ್ತಿಯಿಂದ ಹೇಳುತ್ತಾರೆ. ಆದರೆ ಪುದುಪೇಟೆಯಲ್ಲಿ ಅದರ ಸಾಮಾನು ಕೇಳಿದಲ್ಲೆಲ್ಲ ಅಂಗಡಿಯವರು ಕೈಯಾಡಿಸಿದರು. ಸ್ವಿಫ್ಟ್ ಎಂದೊಡನೆ ಆರು ಕಡೆಯಿಂದ “ವಾಂಗ ಸಾರ್” ಕೂಗು.

ಮುಂದಿನ ಮೂರು ವಾರ ಹಳೆಯ ಸ್ವಿಫ್ಟುಗಳ ದರ್ಶನ. ನೆರೆಯ ನಂತರದ ವರ್ಷವಾದ್ದರಿಂದ ಇದರಲ್ಲೊಂದು ಅಪಾಯವಿತ್ತು. ತೀರಿತೆಂದು ವಿಮೆಯವರು ಹಣ ಕೊಟ್ಟು ಮುಗಿಸಿದ ಗಾಡಿ ಹರಾಜಿನಲ್ಲಿ ಇನ್ನೊಬ್ಬರ ಕೈಸೇರಿ, ತೊಳೆಸಿಕೊಂಡು, ಅತ್ತರು ಪೂಸಿಕೊಂಡು ಮತ್ತೆ ಪೇಟೆಗೆ ಬರುತ್ತದೆ. ಅಡ್ಯಾರಿನ ಆಚೆ ಕಂಡ ಒಂದು ಬಿಳಿಯ ಗಾಡಿ ನಮಗೆಲ್ಲ ಹಿಡಿಸಿತು, ಬೆಲೆಯೂ ಇಳಿಕೆ. ಹುಡುಗ ಮಾತಾಡದೆ ಸೀಟಿನ ಬೆಲ್ಟನ್ನು ಕೊನೆಯವರೆಗೆ ಹೊರಗೆಳೆದ. ಸುರುಳಿಯೊಳಗೆ ಅಡಗಿದ್ದ ತುದಿಯಲ್ಲಿ ಒಣಗಿದ ಕೆಸರಿನ ಗೆರೆ! ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಅಡಿಯಲ್ಲಿ ನುಣ್ಣನೆಯ ಮಣ್ಣು. ಸೀಟಿನ ಬೋಲ್ಟುಗಳಲ್ಲಿ ತುಕ್ಕು. ಮಾರುವವನ ಮುಖ ನೋಡದೆ ಹಿಂದಿರುಗಿದೆವು. ಹಳೆಯ ಗಾಡಿ ಕೊಳ್ಳುವ ವಾಚಕರು ಬೇರೇನನ್ನು ಮರೆತರೂ ಆ ಬೆಲ್ಟನ್ನು ಎಳೆದು ನೋಡಬೇಕು.

ಕೊನೆಗೆ ಸಿಕ್ಕದ್ದು 2018ರ ಸ್ವಿಫ್ಟ್, ಪೆಟ್ರೋಲ್, ಕೈಯಿಂದ ಗೇರು ಹಾಕುವಂಥದು. ಸಾವಿರ ಕಿಲೋ ದಾಟಿದ ಪೋಲೋವಿಗಿಂತ ಎಷ್ಟೋ ಹಗುರ, ಒಂಬೈನೂರು ಕಿಲೋವಿನ ಒಳಗೆ. ಬಲ ಕಡಿಮೆಯಲ್ಲವೇ ಎಂದರೆ, ಹಗುರವಾದರೆ ಬ್ರೇಕೂ ಟೈರೂ ಬಾಳುತ್ತವೆ ಎಂದ. ಅದರ ಅರ್ಥ ಬಯಲನ್ನು ಕಂಡಮೇಲೆ ತಿಳಿಯಿತು.

ಬಯಲು ನಾವು ಎಣಿಸಿದ್ದಕ್ಕಿಂತ ವಿಶಾಲ. ಸುತ್ತು ಸುಮಾರು 3.7 ಕಿಲೋಮೀಟರು, ಹನ್ನೆರಡು ತಿರುವು. ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ಆ ಕಾಲದಲ್ಲಿ ಓಟ ನಡೆಯುತ್ತಿದ್ದುದು ಊರಿನ ಉತ್ತರಕ್ಕೆ ಶೋಳಾವರಂನಲ್ಲಿ, ಎರಡನೆಯ ಮಹಾಯುದ್ಧ ಬಿಟ್ಟುಹೋದ ವಿಮಾನದ ಓಡುದಾರಿಯ ಮೇಲೆ. ಸ್ವಂತ ಬಯಲು ಇಲ್ಲಿ ತೆರೆದದ್ದು 1990ರಲ್ಲಿ. ಕೊಯಮತ್ತೂರಿನ ಕರಿವರ್ಧನರು ಮಾರುತಿ 800ರ ಎಂಜಿನ್ನಿನಿಂದ ಓಟದ ಗಾಡಿ ಕಟ್ಟಿ ಮಧ್ಯಮವರ್ಗದ ಹುಡುಗರಿಗೂ ಈ ಆಟವನ್ನು ಎಟುಕಿಸಿದರು; 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. 2005ರಲ್ಲಿ ಫಾರ್ಮುಲಾ ಒನ್ ಓಡಿದ ಮೊದಲ ಭಾರತೀಯ ನಾರಾಯಣ ಕಾರ್ತಿಕೇಯನ್ ಅದೇ ಕೊಯಮತ್ತೂರಿನವರು. ಕೆ.ಎ. ಎಂದು ಶುರುವಾಗುವ ನಂಬರಿನ ಗಾಡಿಗಳು ಅಂದು ಹತ್ತಾರು ನಿಂತಿದ್ದವು. ಬೆಳಗಿನ ಜಾವ ಬೆಂಗಳೂರು ಬಿಟ್ಟು ಬಂದವರು. ಕನ್ನಡದಲ್ಲಿ ಟೈರಿನ ಗಾಳಿಯ ಚರ್ಚೆ ಕೇಳಿ ನಮ್ಮಾಕೆ ಹುಳಿಯನ್ನದ ಡಬ್ಬಿ ತೆರೆದೇಬಿಟ್ಟಳು.

ಹುಡುಗ ನಾಲ್ಕು ಸುತ್ತು ಓಡಿಸಿ, ಒಂದು ಸುತ್ತು ನಿಧಾನವಾಗಿ ತಣಿಸಿ ಬಂದ. ಗಾಲಿಗಳಿಂದ ಸುಟ್ಟ ವಾಸನೆ, ಕೈ ಹತ್ತಿರ ಒಯ್ಯಲಾಗದ ಬಿಸಿ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುತ್ತದಂತೆ; ತೇವ ಕೂಡಿದ ಎಣ್ಣೆ ಬೇಗ ಕುದಿಯುತ್ತದೆ, ಕುದಿದರೆ ಪೆಡಲು ಒತ್ತಿದಷ್ಟೂ ಒಳಗಿಳಿಯುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಆದಕಾರಣ ಎಂಜಿನ್ನಿನ ತಂಟೆಗೆ ಹೋಗದೆ ಅವನು ಮೊದಲು ಮಾಡಿಸಿದ್ದು ಹೊಸ ಎಣ್ಣೆ, ಹೊಸ ಬ್ರೇಕ್ ಪ್ಯಾಡು. ಇದನ್ನೆಲ್ಲ ಫೋನಿನಲ್ಲಿ ತಾಯಿಗೆ ವರದಿ ಒಪ್ಪಿಸಿದವರು ನಾವೇ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, “ಹೆಲ್ಮೆಟ್ ಹಳೆಯದೋ ಹೊಸದೋ ನೋಡಿದಿರಾ ಭಾವ?” ಎಂದಳು.

ನೋಡಿದೆವು. ಹಳೆಯದು, ಸ್ನೇಹಿತನಿಂದ ಎರವಲು ತಂದದ್ದು. ಗಾಡಿಗೆ ಬಣ್ಣ ಹೊಡೆಸಲೆಂದು ಅವನು ತೆಗೆದಿಟ್ಟಿದ್ದ ಹಣ ಮಾರನೆಯ ದಿನವೇ ಹೆಲ್ಮೆಟ್ ಅಂಗಡಿಗೆ ಸಂದಾಯವಾಯಿತು.