ಲೆಕ್ಕಕ್ಕುಂಟು, ಆಟಕ್ಕಿಲ್ಲ

ಮಕ್ಕಳ ಆಟಗಳಲ್ಲಿ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬುದೊಂದು ಸ್ಥಾನವಿದೆ. ತೀರ ಚಿಕ್ಕವನು, ಓಡಲಾರದವನು, ಅಕ್ಕನ ಲಂಗ ಹಿಡಿದುಕೊಂಡು ಬಂದವನು, ಇಂಥವನು ಅಳದಿರಲೆಂದು ಆಟಕ್ಕೆ ಸೇರಿಸಿಕೊಂಡು, ಅವನು ಔಟಾದರೂ ಔಟಲ್ಲ, ಗೆದ್ದರೂ ಗೆಲುವಲ್ಲ ಎಂದು ಮೊದಲೇ ಗೊತ್ತುಮಾಡಿಕೊಳ್ಳುವ ದಯೆಯ ಪದ್ಧತಿ ಅದು. ಇದನ್ನು ತಿರುಗುಮುರುಗು ಮಾಡಿದರೂ ಒಂದು ಸ್ಥಾನ ಸಿಕ್ಕುತ್ತದೆ, ಲೆಕ್ಕಕ್ಕಿದ್ದು ಆಟಕ್ಕಿಲ್ಲದವನೂ ಇರಬಲ್ಲ ಎಂಬುದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ; ಅದೂ ಒಂದು ಕಂಪ್ಯೂಟರ್ ಆಟದ ದೆಸೆಯಿಂದ.

ಈ ಜಾತಿಯ ಆಟಗಳನ್ನು ನೋಡದವರಿಗಾಗಿ ಒಂದೆರಡು ಮಾತು. ಬೇರೆ ಬೇರೆ ದೇಶಗಳಲ್ಲಿ ತಮ್ಮ ತಮ್ಮ ಮೇಜಿನ ಮುಂದೆ ಕುಳಿತ ಸಾವಿರಾರು ಜನ ಅಂತರ್ಜಾಲದ ಮೂಲಕ ಒಂದೇ ಕಲ್ಪಿತ ರಾಜ್ಯವನ್ನು ಹೊಕ್ಕು ಅಲ್ಲಿ ಕೂಡಿ ಕಾದಾಡುತ್ತಾರೆ. ಒಳಗೆ ಕಾಲಿಡುವ ಮುನ್ನ ಪ್ರತಿಯೊಬ್ಬನೂ ಒಂದು ‘ಕ್ಲಾಸ್’ ಆರಿಸಿಕೊಳ್ಳಬೇಕು. ಕ್ಲಾಸ್ ಎಂದರೆ ತರಗತಿಯಲ್ಲ. ನಮ್ಮ ಬಯಲಾಟದ ಮಾತಿನಲ್ಲಿ ಹೇಳುವುದಾದರೆ ವೇಷ. ಪುಂಡುವೇಷದವನು ಬಣ್ಣದ ವೇಷದವನಂತೆ ಅಬ್ಬರಿಸುವ ಹಾಗಿಲ್ಲ, ಅವರವರಿಗೆ ಅವರವರ ಕುಣಿತ. ಇಲ್ಲಿಯೂ ಹಾಗೆಯೇ. ಒಬ್ಬ ಗುರಾಣಿ ಹಿಡಿದು ಮುಂದೆ ನಿಲ್ಲುತ್ತಾನೆ, ಒಬ್ಬ ಹೊಡೆಯುತ್ತಾನೆ, ಒಬ್ಬ ದೂರದಿಂದ ಮಾಟ ಮಾಡುತ್ತಾನೆ, ಒಬ್ಬ ಗಾಯ ಮಾಯಿಸುತ್ತಾನೆ. ಇವುಗಳ ಮೂಲಪುರುಷನಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಕಾಗದ-ಪೆನ್ಸಿಲಿನ ಆಟ 1974ರಲ್ಲಿ ಅಮೆರಿಕದಲ್ಲಿ ಹೊರಟಾಗ ಅದರಲ್ಲಿದ್ದುದು ಮೂರೇ ವೇಷ: ಯೋಧ, ಮಂತ್ರವಾದಿ, ಪುರೋಹಿತ. ಮರುವರ್ಷ ಕಳ್ಳನೂ ಬಂದು ಸೇರಿಕೊಂಡ. ಕಳ್ಳ ಬರುವುದಕ್ಕೆ ಒಂದು ವರ್ಷ ಹಿಡಿಯಿತೆಂಬುದೇ ಆಶ್ಚರ್ಯ.

ನಾನು ಹೇಳಹೊರಟ ಆಟದ ಹೆಸರು ‘ವಾರ್‌ಹ್ಯಾಮರ್ ಆನ್‌ಲೈನ್’. ಅಮೆರಿಕದ ಮಿಥಿಕ್ ಸಂಸ್ಥೆ ಕಟ್ಟಿದ್ದು. ಈ ಪಕ್ಷಕ್ಕೆ ಮೂರು ಕುಲ, ಆ ಪಕ್ಷಕ್ಕೆ ಮೂರು ಕುಲ, ಕುಲವೊಂದಕ್ಕೆ ನಾಲ್ಕು ವೇಷ, ಒಟ್ಟು 24 ಎಂದು ಸಾರಿದ್ದರು. ಆಟ ತೆರೆದದ್ದು 2008ರ ಸೆಪ್ಟೆಂಬರ್ 18ರಂದು. ಅದಕ್ಕೆ ಎರಡು ತಿಂಗಳು ಮೊದಲು, ಜುಲೈಯಲ್ಲಿ, ಒಂದು ಪ್ರಕಟಣೆ ಬಂತು: ನಾಲ್ಕು ವೇಷಗಳು ಅಂದುಕೊಂಡ ಮಟ್ಟಕ್ಕೆ ಬರಲಿಲ್ಲ, ಅವನ್ನು ಕೈಬಿಟ್ಟಿದ್ದೇವೆ. ಅದರ ಜೊತೆಗೆ ಆರು ರಾಜಧಾನಿಗಳಲ್ಲಿ ನಾಲ್ಕು ಅಳಿಸಿಹೋಗಿ ಎರಡು ಉಳಿದವು. ರಾಜಧಾನಿಗಳಿಗಾಗಿ ಅತ್ತವರನ್ನು ನಾನು ಕಾಣೆ. ವೇಷಗಳಿಗಾಗಿ ಎದ್ದ ಗೋಳು ಮಾತ್ರ ದೊಡ್ಡದು. ಕತ್ತರಿ ಆಡಿಸಿದವರು ತಕ್ಕಡಿ ಹಿಡಿದೇ ಆಡಿಸಿದ್ದರು ಎನ್ನಬೇಕು. ಎರಡು ಪಕ್ಷಗಳಿಂದಲೂ ಒಬ್ಬೊಬ್ಬ ಗುರಾಣಿಯವನು, ಒಬ್ಬೊಬ್ಬ ಹೊಡೆಯುವವನು ಹೋದರು. ಆದರೂ ಫಲ ವಿಚಿತ್ರವಾಯಿತು. ಮನುಷ್ಯರ ಕುಲಕ್ಕೆ ಇದ್ದ ಗುರಾಣಿಯವನು ಒಬ್ಬನೇ, ಅವನೇ ಹೋದ. ಸಾಮ್ರಾಜ್ಯ ಕಟ್ಟಿಕೊಂಡವರು ಕುಳ್ಳರ ಮತ್ತು ಎಲ್ಫರ ಬೆನ್ನ ಹಿಂದೆ ನಿಂತು ಯುದ್ಧ ಮಾಡಬೇಕಾಯಿತು.

ಆ ಆಟದಲ್ಲಿ ವೇಷವನ್ನು ಕ್ಲಾಸ್ ಎನ್ನುತ್ತಿರಲಿಲ್ಲ, ‘ಕೆರಿಯರ್’ ಎನ್ನುತ್ತಿದ್ದರು. 1986ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಅದರ ಕಾಗದದ ಪೂರ್ವಜನಲ್ಲಿಯೂ ಇದೇ ಮಾತು. ಅಲ್ಲಿ ಇಲಿ ಹಿಡಿಯುವುದೂ ಒಂದು ಕೆರಿಯರ್, ಅದನ್ನು ಪಡೆದವನಿಗೆ ಕಚ್ಚುವ ಸಣ್ಣ ನಾಯಿಯೊಂದನ್ನು ಕೊಡುತ್ತಿದ್ದರು. ಇಂಥ ಮಾತನ್ನು ಮೈಸೂರಿನ ಮಧ್ಯಮ ವರ್ಗದ ಮನೆಯೊಳಗೆ ಎಚ್ಚರದಿಂದ ಬಳಸಬೇಕು. ನನ್ನ ಸೋದರಳಿಯ ಆಗ ಎರಡನೆಯ ಪಿಯುಸಿ. ಪ್ರಕಟಣೆ ಓದಿ ಎದ್ದುಬಂದವನೇ ನಡುಮನೆಯಲ್ಲಿ ನಿಂತು, “ನನ್ನ ಕೆರಿಯರ್ ಹೋಯ್ತು” ಎಂದ. ಅಕ್ಕ ಒಲೆಯ ಮೇಲಿನದನ್ನು ಬಿಟ್ಟು ಓಡಿ ಬಂದಳು. ನಮ್ಮಮ್ಮನಿಗೆ ಕಿವಿ ಮಂದ. “ಯಾವ ಕ್ಯಾರಿಯರ್ರೋ ಹೋಗಿದ್ದು? ಸೈಕಲ್ದೋ, ಊಟದ್ದೋ?” ಎಂದರು. ಊಟದ್ದಾಗಿದ್ದರೆ ನಿಜವಾಗಿಯೂ ಕಷ್ಟವಿತ್ತು. ಭಾವನವರಿಗೆ ಮೂತ್ರಪಿಂಡ ಕೆಟ್ಟು ವಾರಕ್ಕೆ ಮೂರು ದಿನ ಡಯಾಲಿಸಿಸ್ ನಡೆಯುತ್ತಿತ್ತು. ಉಪ್ಪು ಕಡಮೆ ಮಾಡಿದ ಅವರ ಊಟ ಆ ಕ್ಯಾರಿಯರಿನಲ್ಲಿಯೇ ಆಸ್ಪತ್ರೆಗೆ ಹೋಗಬೇಕು. ಅದನ್ನು ಒಯ್ದು, ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ ನಾಲ್ಕು ಗಂಟೆ ಕೂತಿದ್ದು, ಆಟೋದಲ್ಲಿ ಹುಷಾರಾಗಿ ಕರೆತರುವವನು ಈ ಹುಡುಗನೇ.

ಅವನು ಕಳೆದುಕೊಂಡದ್ದು ಕುಳ್ಳರ ಕುಲದ ‘ಹ್ಯಾಮರರ್’ ಎಂಬ ವೇಷವನ್ನು. ವಾರ್‌ಹ್ಯಾಮರ್ ಎಂಬುದು 1983ರಿಂದ ಮೇಜಿನ ಮೇಲೆ ಚಿಕ್ಕ ಗೊಂಬೆಗಳನ್ನಿಟ್ಟು ಆಡಿದ ಆಟ. ಅಲ್ಲಿ ಹ್ಯಾಮರರ್ ಎಂದರೆ ಕುಳ್ಳರ ರಾಜನ ಅಂಗರಕ್ಷಕ. ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಸುತ್ತಿಗೆ, ಮೈತುಂಬ ಕವಚ, ಗುರಾಣಿ ಇಲ್ಲ. ರಾಜನನ್ನು ಬಿಟ್ಟು ಕದಲದಿರುವುದೇ ಅವನ ಕಸುಬು. ಅಮೆರಿಕದಿಂದ ಬಂದ ಬಂಧುವೊಬ್ಬರು ಆಟದ ಡಬ್ಬಿಯನ್ನು ತಂದುಕೊಟ್ಟ ಮೇಲೆ, ಹುಡುಗ ಒಬ್ಬನೇ ಹಾಳಾಗದಿರಲೆಂದು ನಾನೂ ಸೇರಿದೆ. ನನಗೆ ಬಂದದ್ದು ‘ರೂನ್ ಪ್ರೀಸ್ಟ್’, ಅಕ್ಷರ ಕೊರೆದು ಗಾಯ ಮಾಯಿಸುವ ಮುದಿ ಕುಳ್ಳ. ಸರ್ವರು ಸಮುದ್ರದಾಚೆ, ನಮ್ಮ ಬ್ರಾಡ್‌ಬ್ಯಾಂಡು ಎತ್ತಿನ ಗಾಡಿ, ನಾನು ಜಪಿಸಿದ ಮಂತ್ರ ಅಲ್ಲಿಗೆ ಮುಟ್ಟುವಷ್ಟರಲ್ಲಿ ರೋಗಿ ಎಷ್ಟೋ ಸಲ ತೀರಿಹೋಗಿರುತ್ತಿದ್ದ. ಹುಡುಗ ಒಲ್ಲದ ಮನಸ್ಸಿನಿಂದ ಗುರಾಣಿಯ ‘ಐರನ್‌ಬ್ರೇಕರ್’ ಆದ. ಆಡಿದ್ದಕ್ಕಿಂತ ನಾವು ಹೆಚ್ಚಾಗಿ ಮಾಡಿದ್ದು ತರ್ಕ. ಹ್ಯಾಮರರ್ ಇದ್ದಿದ್ದರೆ ಹೇಗಿರುತ್ತಿದ್ದ? ಅವನನ್ನೇ ಏಕೆ ತೆಗೆದರು?

ಇಲ್ಲದ್ದರ ಬಗೆಗೆ ತರ್ಕ ಮಾಡುವುದು ವ್ಯರ್ಥವೆನ್ನುವವರು ನಮ್ಮ ಸಾಹಿತ್ಯಚರಿತ್ರೆಯನ್ನು ಒಮ್ಮೆ ತೆರೆದು ನೋಡಲಿ. ರನ್ನನ ‘ಪರಶುರಾಮ ಚರಿತ’ವೂ ‘ಚಕ್ರೇಶ್ವರ ಚರಿತ’ವೂ ನಮ್ಮ ಕೈಗೆ ಬಂದಿಲ್ಲ, ಬಂದಿರುವುದು ಹೆಸರು. ಆದರೂ ಆ ಹೆಸರುಗಳನ್ನು ಪಟ್ಟಿಯಿಂದ ಕಿತ್ತುಹಾಕುವ ಧೈರ್ಯ ಯಾವ ಪಂಡಿತನಿಗಿದೆ? ರನ್ನನ ಪುಸ್ತಕಗಳಾದರೋ ಇದ್ದು ಕಳೆದವು, ಹ್ಯಾಮರರ್ ಇರುವ ಮೊದಲೇ ಕಳೆದ, ಆ ವ್ಯತ್ಯಾಸ ನನಗೆ ಗೊತ್ತು. ಪಟ್ಟಿಯಲ್ಲಿ ಹೆಸರಿದೆ, ಕಪಾಟಿನಲ್ಲಿ ಪುಸ್ತಕವಿಲ್ಲ ಎಂಬ ಚಡಪಡಿಕೆ ಎರಡಕ್ಕೂ ಒಂದೇ.

ನನ್ನ ಮೊದಲ ಊಹೆ ಕಣ್ಣಿಗೆ ಸಂಬಂಧಿಸಿದ್ದು. ನೂರು ಜನ ನುಗ್ಗುವ ಗದ್ದಲದಲ್ಲಿ ಎದುರಿಗೆ ಬರುತ್ತಿರುವವನು ಯಾವ ವೇಷದವನೆಂದು ಆಕಾರದಿಂದಲೇ ಗುರುತು ಸಿಕ್ಕಬೇಕು. ಕವಚ ತೊಟ್ಟ ಕುಳ್ಳ ಐರನ್‌ಬ್ರೇಕರ್ ಒಬ್ಬ ಆಗಲೇ ಇದ್ದಾಗ, ಕವಚ ತೊಟ್ಟ ಇನ್ನೊಬ್ಬ ಕುಳ್ಳ ಬಂದರೆ ಯಾರಿಗೆ ಹೆದರುವುದು, ಯಾರನ್ನು ತಪ್ಪಿಸಿಕೊಳ್ಳುವುದು? ಸುತ್ತಿಗೆಯೂ ಹೊಸದಲ್ಲ, ಮನುಷ್ಯರ ಕುಲದ ಯೋಧ-ಪುರೋಹಿತ ಅದನ್ನು ಎತ್ತಿಕೊಂಡು ತಿರುಗುತ್ತಿದ್ದ. ಇದಕ್ಕೆ ಹುಡುಗ ಒಪ್ಪುತ್ತಿದ್ದ. ಅವನು ಒಪ್ಪದಿದ್ದುದು ಎರಡನೆಯದನ್ನು. ಆ ಆಟದಲ್ಲಿ ಗುರಾಣಿಯವನಿಗೆ ಒಂದು ವಿದ್ಯೆ ಉಂಟು: ಒಬ್ಬ ಸಂಗಾತಿಯನ್ನು ಗೊತ್ತುಮಾಡಿಕೊಂಡು ಹತ್ತಿರ ನಿಂತರೆ, ಅವನಿಗೆ ಬಿದ್ದ ಪೆಟ್ಟಿನ ಅರ್ಧ ಇವನ ಮೈಗೆ ಬರುತ್ತದೆ. ಐರನ್‌ಬ್ರೇಕರನಿಗಂತೂ ಆಣೆಯಿಟ್ಟ ಗೆಳೆಯನೊಬ್ಬ ಇರುತ್ತಾನೆ. ಆ ಗೆಳೆಯನನ್ನು ಯಾರಾದರೂ ಹೊಡೆದರೆ ಇವನ ಹಗೆ ಏರಿ ಇವನ ಬಲ ಹೆಚ್ಚುತ್ತದೆ. ಎಂದರೆ ಅಂಗರಕ್ಷಕನ ಕಸುಬನ್ನು ಆಗಲೇ ಇನ್ನೊಬ್ಬನಿಗೆ ಹಂಚಿಬಿಟ್ಟಿದ್ದರು. ಹ್ಯಾಮರರನಿಗೆ ಉಳಿದದ್ದು ಬರಿಯ ಕಬ್ಬಿಣದ ಮುದ್ದೆ. ತಯಾರಕರು ಅವನನ್ನು ಬಿಟ್ಟದ್ದು ಸರಿ ಎಂದೇ ನನ್ನ ಅಭಿಮತ.

“ಅದು ಬೇರೆ, ಇದು ಬೇರೆ ಮಾವ” ಎನ್ನುತ್ತಿದ್ದ ಅವನು. “ಪೆಟ್ಟು ಹಂಚಿಕೊಳ್ಳೋದು ಒಂದು. ಪೆಟ್ಟು ಬರದ ಹಾಗೆ ನೋಡ್ಕೊಳ್ಳೋದು ಇನ್ನೊಂದು.”

ಅದೇ ವರ್ಷದ ನವೆಂಬರಿನಲ್ಲಿ ಪಕ್ಕದ ಅಂಗಡಿಯಲ್ಲಿ, ಎಂದರೆ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಇನ್ನೂ ದೊಡ್ಡ ಆಟದಲ್ಲಿ, ಬೇರೊಂದು ರೀತಿಯ ವ್ಯವಹಾರ ನಡೆಯಿತು. 2004ರಲ್ಲಿ ಒಂಬತ್ತು ವೇಷಗಳಿಂದ ಹೊರಟ ಆಟ ಅದು. ಹತ್ತನೆಯದಕ್ಕೆ ಉಮೇದುವಾರರು ಮೂವರು: ಹೆಣ ಎಬ್ಬಿಸುವ ನೆಕ್ರೋಮ್ಯಾನ್ಸರ್, ಅಕ್ಷರಶಕ್ತಿಯ ರೂನ್‌ಮಾಸ್ಟರ್, ಸಾವಿನ ಸರದಾರ ಡೆತ್ ನೈಟ್. ಗೆದ್ದವನು ಮೂರನೆಯವನು. ಆದರೆ ಸೋತ ಇಬ್ಬರನ್ನು ಮನೆಗೆ ಕಳಿಸಲಿಲ್ಲ. ಒಬ್ಬನ ಎಬ್ಬಿಸಿದ ಹೆಣವನ್ನೂ ರೋಗವನ್ನೂ, ಇನ್ನೊಬ್ಬನ ಅಕ್ಷರಗಳನ್ನೂ ಗೆದ್ದವನ ಜೋಳಿಗೆಗೆ ಹಾಕಿದರು. ನಮ್ಮ ವ್ಯಾಕರಣದಲ್ಲಿ ಇದಕ್ಕೆ ಸಮಾಸ ಎನ್ನಬಹುದು. ಪದ ಉಳಿಯುತ್ತದೆ, ಪ್ರತ್ಯಯ ಲೋಪವಾಗುತ್ತದೆ. ಜಾಣತನದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೂ ನನಗೆ ಮಿಥಿಕ್ ಸಂಸ್ಥೆಯ ಒರಟುತನವೇ ಹಿಡಿಸುತ್ತದೆ. ಇವನು ಬರುವುದಿಲ್ಲ ಎಂದು ಹೆಸರು ಹಿಡಿದು ಹೇಳಿದರೆ ಕಾಯುವವನಿಗೆ ಅಳುವುದಕ್ಕಾದರೂ ಒಂದು ಜಾಗ ಸಿಕ್ಕುತ್ತದೆ. ಇವನೊಳಗೆ ಅವನಿದ್ದಾನೆ, ಹುಡುಕಿಕೋ ಎಂದರೆ ಅದೂ ಇಲ್ಲ.

ಕೈಬಿಟ್ಟ ನಾಲ್ವರಲ್ಲಿ ಮೂವರು ತಡವಾಗಿ ಬಂದರು. ಗುರಾಣಿಯ ಇಬ್ಬರು, ‘ನೈಟ್ ಆಫ್ ದಿ ಬ್ಲೇಜಿಂಗ್ ಸನ್’ ಮತ್ತು ‘ಬ್ಲ್ಯಾಕ್‌ಗಾರ್ಡ್’, ಡಿಸೆಂಬರಿಗೆ ಬಂದರು. ಹಸುರು ಮೈಯ ಓರ್ಕರ ‘ಚಾಪಾ’ 2009ರಲ್ಲಿ ಬಂದ. ಕುಳ್ಳರ ಪಾಲಿನ ಖಾಲಿ ಜಾಗಕ್ಕೂ ಒಬ್ಬ ಬಂದ, ಆದರೆ ಅವನು ಹ್ಯಾಮರರ್ ಅಲ್ಲ, ‘ಸ್ಲೇಯರ್’. ಬರಿಮೈ, ಕಿತ್ತಳೆ ಬಣ್ಣ ಹಚ್ಚಿದ ಜುಟ್ಟು, ಕೈಯಲ್ಲಿ ಕೊಡಲಿ. ಎಂತಹ ಗದ್ದಲದಲ್ಲಿಯೂ ಗುರುತು ಸಿಕ್ಕುವ ಆಕಾರ. ನನ್ನ ಮೊದಲ ಊಹೆಗೆ ಇದಕ್ಕಿಂತ ಸಾಕ್ಷಿ ಬೇಡ. ಚಾಪಾ ಹುಚ್ಚು ಆವೇಶದಿಂದ ಹೊಡೆಯುವವನಾದ್ದರಿಂದ ಅವನಿಗೆ ಕನ್ನಡಿಯಂತೆ ಎದುರು ನಿಲ್ಲುವವನಿಗೂ ಅದೇ ಆವೇಶ ಬೇಕಿತ್ತು. ರಾಜನ ಪಕ್ಕ ಮೌನವಾಗಿ ನಿಲ್ಲುವವನು ಆ ಕನ್ನಡಿಗೆ ಆಗಿಬರುತ್ತಿರಲಿಲ್ಲ. ಸ್ಲೇಯರನ ಕಥೆಯೂ ಚೆನ್ನಾಗಿದೆ. ಯಾವುದೋ ಅವಮಾನಕ್ಕೆ ಮನನೊಂದ ಕುಳ್ಳ ತಲೆ ಬೋಳಿಸಿ, ಜುಟ್ಟು ಬಿಟ್ಟು, ದೊಡ್ಡ ರಾಕ್ಷಸನ ಕೈಯಲ್ಲಿ ಸಾಯುವೆನೆಂದು ಪ್ರತಿಜ್ಞೆ ಮಾಡಿ ಹೊರಡುತ್ತಾನೆ. ಆಟದ ಮಂದಿಗೆಲ್ಲ ಅವನೆಂದರೆ ಪ್ರಾಣ.

ನಮ್ಮ ಹುಡುಗ ಒಂದು ಸಂಜೆ ಆಡಿದ. ಚೆನ್ನಾಗಿಯೇ ಆಡಿದ. ಆಮೇಲೆ ಆ ವೇಷವನ್ನು ಅಳಿಸಿಹಾಕಿದ. ಏಕೆಂದು ಕೇಳಿದೆ.

“ಅವನು ಸಾಯಕ್ಕೆ ಬಂದಿರೋನು ಮಾವ” ಎಂದ.

ಮರುದಿನ ಡಯಾಲಿಸಿಸ್ಸಿನ ದಿನ. ಬೆಳಗ್ಗೆ ಕ್ಯಾರಿಯರಿನ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಿ, ಕೊಂಡಿ ಸಿಕ್ಕಿಸಿ, ಎರಡು ಸಲ ಅಲ್ಲಾಡಿಸಿ ನೋಡಿಕೊಂಡು ಹೋದ. ಆ ಮಾತಿನ ಬಗೆಗೆ ನಾನು ಮುಂದೆ ಕೇಳಲಿಲ್ಲ, ಅವನು ಹೇಳಲಿಲ್ಲ. ಭಾವನವರು ಆ ಮಳೆಗಾಲ ಕಳೆಯಲಿಲ್ಲ. ಅವರು ಹೋದಾಗ ಹುಡುಗ ಆ ಸ್ಟೂಲಿನ ಮೇಲೆಯೇ ಇದ್ದ.

ಆಟವೂ ಉಳಿಯಲಿಲ್ಲ. 2013ರ ಡಿಸೆಂಬರ್ 18ರಂದು ಸರ್ವರುಗಳನ್ನು ಮುಚ್ಚಿದರು. ಅಂದಿಗೆ 24 ವೇಷಗಳೂ ಹ್ಯಾಮರರನ ಪಂಕ್ತಿಗೇ ಬಂದು ಕೂತವು. ಅನಂತರ ಕೆಲವು ಅಭಿಮಾನಿಗಳು ತಮ್ಮ ಬಿಡುವಿನಲ್ಲಿ, ಸಂಬಳವಿಲ್ಲದೆ, ಅದನ್ನು ಮತ್ತೆ ಎಬ್ಬಿಸಿ ನಡೆಸಿದರು. ನೆಕ್ರೋಮ್ಯಾನ್ಸರನ ವಿದ್ಯೆ ಲೋಕದಲ್ಲಿ ಸುಳ್ಳಲ್ಲ. ನಾನಂತೂ ಮತ್ತೆ ಒಳಗೆ ಹೋಗಲಿಲ್ಲ. ಹುಡುಗ ಈಗ ಪುಣೆಯಲ್ಲಿದ್ದಾನೆ, ಹುಡುಗನೆನ್ನುವ ವಯಸ್ಸೂ ಅಲ್ಲ. ಭಾನುವಾರ ಫೋನ್ ಮಾಡುತ್ತಾನೆ. ಅಕ್ಕನ ಮಂಡಿನೋವು, ಮನೆಯ ಕಂದಾಯ, ಮಳೆ ಇವೆಲ್ಲ ಐದು ನಿಮಿಷ. ಉಳಿದದ್ದು ಹ್ಯಾಮರರ್.

ನಾವಿಬ್ಬರೂ ಸೇರಿ ಅವನನ್ನು ಬಹಳ ಮಟ್ಟಿಗೆ ಕಟ್ಟಿದ್ದೇವೆ. ಅವನು ಒಬ್ಬ ಸಂಗಾತಿಯನ್ನು ಆರಿಸಿಕೊಳ್ಳುತ್ತಾನೆ. ಆ ಸಂಗಾತಿಯಿಂದ ಹತ್ತು ಹೆಜ್ಜೆಯೊಳಗೆ ಇರುವತನಕ ಅವನ ಸುತ್ತಿಗೆಗೆ ಪೂರ್ತಿ ಬಲ. ದೂರ ಹೋದರೆ ಬಲ ತಗ್ಗುತ್ತದೆ. ಸಂಗಾತಿಯನ್ನು ಹೊಡೆಯಲು ಕೈ ಎತ್ತಿದವನನ್ನು, ಆ ಕೈ ಇಳಿಯುವ ಮುನ್ನ, ಒಂದು ಏಟಿನಿಂದ ಹಿಂದಕ್ಕೆ ತಳ್ಳಬಲ್ಲ. ಇಲ್ಲಿಯವರೆಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಐರನ್‌ಬ್ರೇಕರನಿಗೂ ಇವನಿಗೂ ವ್ಯತ್ಯಾಸ ಇದೇ ಎಂದು ನಾನೂ ಈಗ ಒಪ್ಪುತ್ತೇನೆ. ಸಿಕ್ಕಿಕೊಂಡಿರುವುದು ಮುಂದಿನದರಲ್ಲಿ. ಸಂಗಾತಿಯೇ ಬಿದ್ದುಹೋದರೆ ಹ್ಯಾಮರರ್ ಏನು ಮಾಡಬೇಕು? ಕಳೆದ ತಿಂಗಳು ಅವನೇ ಒಂದು ಪರಿಹಾರ ತಂದ.

“ಇನ್ನೊಬ್ಬರನ್ನ ಆರಿಸ್ಕೋಬಹುದು ಮಾವ. ಆದ್ರೆ ತಕ್ಷಣ ಬಿಡಬಾರದು.”

“ಎಷ್ಟು ಹೊತ್ತು?”

“ಒಂದು ನಿಮಿಷ.”

ಒಂದು ನಿಮಿಷವೆಂದರೆ ಆ ಆಟದಲ್ಲಿ ಒಂದು ಯುಗ. ಕೋಟೆಯ ಬಾಗಿಲಲ್ಲಿ ನಿಂತು ಗಾಯ ಮಾಯಿಸಿದ ನನಗೆ ಅದು ಗೊತ್ತು. ಹತ್ತು ಸೆಕೆಂಡು ಸಾಕೆಂದೆ.

“ಆ ಒಂದು ನಿಮಿಷ ಸುತ್ತಿಗೆ ಏನಾಗಿರುತ್ತೆ?” ಎಂದು ಕೇಳಿದೆ.

“ಭಾರ ಆಗಿರುತ್ತೆ” ಎಂದ. “ಎತ್ತಬಹುದು. ಆದ್ರೆ ಭಾರ.”

ಹೋದ ಭಾನುವಾರದ ಹೊತ್ತಿಗೆ ನಾನು ಮೂವತ್ತು ಸೆಕೆಂಡಿಗೆ ಬಂದಿದ್ದೇನೆ. ಅವನು ಅರವತ್ತರಿಂದ ಇಳಿದಿಲ್ಲ.