ಶಕ್ತಿಯರಿತ ತಪಸ್ಸು

ನೋವನ್ನು ಹಲ್ಲುಕಚ್ಚಿ ಸಹಿಸುವ ಹೆಣ್ಣುಮಗಳನ್ನು ಕಂಡು ‘ಎಂಥ ಸಹನೆ!’ ಎಂದು ಕೊಂಡಾಡುವುದು ಶ್ರಾವಕರ ಮನೆಗಳಲ್ಲಿ ರೂಢಿಯಾಗಿ ಬಂದಿದೆ. ಸಹನೆ ದೊಡ್ಡ ಗುಣವೇ ಸರಿ. ಆದರೆ ಯಾವ ನೋವನ್ನು ತಾಳಿಕೊಳ್ಳಬೇಕು, ಯಾವುದನ್ನು ಬಾಯಿಬಿಟ್ಟು ಹೇಳಬೇಕು ಎಂಬ ವಿವೇಕವಿಲ್ಲದ ಸಹನೆ ತಪಸ್ಸೆನಿಸೀತೆ? ತುಂಬುಗರ್ಭಿಣಿಯ ತಲೆನೋವಿನ ಸಂದರ್ಭದಲ್ಲಿ ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯಾಗಿ ಉಳಿಯುವುದಿಲ್ಲ. ಎರಡು ಜೀವಗಳ ಅಳಿವು ಉಳಿವು ಅದನ್ನು ಅವಲಂಬಿಸಿರುತ್ತದೆ.

ಆಯುರ್ವೇದ ಗ್ರಂಥಗಳು ‘ಅರ್ಧಾವಭೇದಕ’ವೆಂದು ಕರೆದದ್ದನ್ನು ಜನರು ಅರೆತಲೆನೋವು ಎನ್ನುತ್ತಾರೆ, ಆಸ್ಪತ್ರೆಯಲ್ಲಿ ಮೈಗ್ರೇನ್ ಎನ್ನುತ್ತಾರೆ. ತಲೆಯ ಒಂದು ಪಾರ್ಶ್ವದಲ್ಲಿ ನಾಡಿಯಂತೆ ಬಡಿಯುವ ನೋವು, ಓಕರಿಕೆ, ಬೆಳಕು ಮತ್ತು ಸದ್ದುಗಳನ್ನು ಸಹಿಸಲಾರದ ಸ್ಥಿತಿ ಇದರ ಲಕ್ಷಣಗಳು. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು ಪಾಲ್ಗೊಂಡು ನಡೆಸಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ವರ್ಷವೊಂದರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರನ್ನು ಈ ಬಾಧೆ ಕಾಡುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚು. ಗರ್ಭ ಧರಿಸಿದ ಮೇಲೆ, ಮುಖ್ಯವಾಗಿ ನಾಲ್ಕನೆಯ ತಿಂಗಳಿನಿಂದಾಚೆಗೆ, ಬಹುಮಂದಿಯಲ್ಲಿ ನೋವು ತಗ್ಗುತ್ತದೆ. ಎಲ್ಲರಿಗೂ ಆ ಭಾಗ್ಯವಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಒಂದು ಜೈನ ಮನೆತನ. ಆ ಮನೆಯ ಸೊಸೆಗೆ ಬಾಲ್ಯದಿಂದಲೂ ಅರೆತಲೆನೋವು. ಚೊಚ್ಚಲ ಬಸುರಿನಲ್ಲಿ ಐದನೆಯ ತಿಂಗಳಿಗೆ ಅಡಗಿಹೋದ ನೋವು ಎರಡನೆಯ ಬಾರಿ ಏಳು ತುಂಬಿದರೂ ಬಿಡಲಿಲ್ಲ. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ಕಾಯಿ ಉಂಡೆಕೊಬ್ಬರಿಯಾಗುವ ಮನೆ ಅದು. ಕಾಯಿಯನ್ನು ಇಳಿಸಿ, ಸುಲಿದು, ಚಿಪ್ಪೊಡೆದು, ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಕಳುಹಿಸುವ ದಿನಗಳಲ್ಲಿ ಅಂಗಳದ ತುಂಬ ಸದ್ದು, ನಾರಿನ ದೂಳು. ಬಚ್ಚಲ ಒಲೆಯಿಂದ ಮಟ್ಟೆಯ ಹೊಗೆ. ಇವೆಲ್ಲವೂ ಆಕೆಯ ತಲೆಗೆ ಸುತ್ತಿಗೆಯ ಪೆಟ್ಟುಗಳೇ. ‘ಬಸುರಿಯರಿಗೆಲ್ಲ ಇದ್ದದ್ದೇ’ ಎಂದವರುಂಟು. ‘ಪೂರ್ವಾರ್ಜಿತ ಕರ್ಮ, ಅನುಭವಿಸಬೇಕು’ ಎಂದವರೂ ಉಂಟು.

ಆಕೆ ತನ್ನ ನೋವಿನ ಜಾಡನ್ನು ತಾನೇ ಅರಿತಳು. ಹೊತ್ತು ಮೀರಿದ ಊಟ, ನೀರಿನ ಕೊರತೆ, ಕೆಟ್ಟ ನಿದ್ರೆ, ಹೊಗೆ, ಇವು ನೋವನ್ನು ಕೆರಳಿಸುತ್ತಿದ್ದವು. ರಾತ್ರಿಭೋಜನ ತ್ಯಾಗ ಆ ಮನೆಯ ನಿಯಮ. ಅದನ್ನು ಬಿಡದೆ, ಸೂರ್ಯಾಸ್ತಕ್ಕೆ ಮುನ್ನ ಹೊಟ್ಟೆತುಂಬ ಉಣ್ಣುವುದನ್ನೂ, ಬೆಳಗ್ಗೆ ಪೂಜೆ ಮುಗಿಯುವವರೆಗೆ ಕಾಯದೆ ಸೂರ್ಯೋದಯವಾದೊಡನೆ ಆಹಾರ ಸೇವಿಸುವುದನ್ನೂ ರೂಢಿಸಿಕೊಂಡಳು. ಹಗಲಿನಲ್ಲಿ ಸೋಸಿ ಕಾಯಿಸಿದ ನೀರು, ತೋಟದ ಎಳನೀರು. ನೋವು ಬಂದಾಗ ಕತ್ತಲೆ ಕೋಣೆ, ಹಣೆಗೆ ತಣ್ಣೀರಿನ ಬಟ್ಟೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರೆ. ಅಂಗಡಿಯಲ್ಲಿ ಸಿಗುವ ಬೇರೆ ನೋವಿನ ಮಾತ್ರೆಗಳನ್ನು ಮುಟ್ಟಲಿಲ್ಲ. ಅದು ಸರಿಯಾದ ನಡೆ. ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ಮೊದಲಾದವು ಕೊನೆಯ ತಿಂಗಳುಗಳಲ್ಲಿ ಶಿಶುವಿನ ಹೃದಯದ ಬಳಿಯ ರಕ್ತಮಾರ್ಗವನ್ನು ಅಕಾಲದಲ್ಲಿ ಮುಚ್ಚಿಸಬಲ್ಲವು. ಅರೆತಲೆನೋವಿನ ಹಳೆಯ ಔಷಧವಾದ ಎರ್ಗೊಟಮಿನ್ ಗರ್ಭಕೋಶವನ್ನೂ ರಕ್ತನಾಳಗಳನ್ನೂ ಸಂಕುಚಿತಗೊಳಿಸುವುದರಿಂದ ಗರ್ಭಿಣಿಯರಿಗೆ ನಿಷಿದ್ಧ.

ಹೀಗೆ ದಿನಗಳು ಸಾಗಿರುವಾಗ ಭಾದ್ರಪದದ ದಶಲಕ್ಷಣ ಪರ್ವ ಬಂತು. ಅನಂತ ನೋಂಪಿಯ ಉಪವಾಸವನ್ನು ಮದುವೆಯಾದಂದಿನಿಂದ ಆಕೆ ತಪ್ಪಿಸಿರಲಿಲ್ಲ. ಆಗ ಎಂಟು ತಿಂಗಳು. ಯಾರೂ ಬಲವಂತ ಮಾಡಲಿಲ್ಲ; ಯಾರೂ ಬೇಡವೆನ್ನಲೂ ಇಲ್ಲ. ಚತುರ್ದಶಿಯ ಮಧ್ಯಾಹ್ನ ನೋವು ಎದ್ದಿತು. ಈ ಬಾರಿ ಅರೆತಲೆಯಲ್ಲ, ತಲೆಯಿಡೀ. ಕಣ್ಣೆದುರು ಮಿಂಚು, ಪಕ್ಕೆಲುಬಿನ ಕೆಳಗೆ ಹಿಂಡಿದಂತಹ ಸಂಕಟ. ಉಪವಾಸದ ದಣಿವೆಂದುಕೊಂಡು ಆಕೆ ಗೋಡೆಗೆ ಒರಗಿ ಕುಳಿತಳು. ಅತ್ತೆಯವರ ದೃಷ್ಟಿ ಆಕೆಯ ಕೈಗಳ ಮೇಲೆ ಬಿತ್ತು.

“ಬಳೆ ಯಾಕಮ್ಮ ಹೀಗೆ ಕಚ್ಚಿಕೊಂಡಿವೆ?”

“ಏನಿಲ್ಲ ಅತ್ತೆ. ನಾಳೆ ಪಾರಣೆ ಆಗಿಬಿಡಲಿ, ಆಮೇಲೆ ತೋರಿಸಿಕೊಂಡು ಬರೋಣ.”

“ಪಾರಣೆ ನಾನು ನೋಡ್ಕೋತೀನಿ. ನೀನು ಏಳು.”

ಆಸ್ಪತ್ರೆಯಲ್ಲಿ ರಕ್ತದೊತ್ತಡ 160/110 ಇತ್ತು. ಮೂತ್ರದಲ್ಲಿ ಪ್ರೋಟೀನ್ ಕಂಡಿತು. ಅದು ಅರೆತಲೆನೋವಲ್ಲ, ವೈದ್ಯರು ಪ್ರೀ-ಎಕ್ಲಾಂಪ್ಸಿಯ ಎನ್ನುವ ಗರ್ಭನಂಜು. ಸೆಳವು ಬಾರದಂತೆ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಕೊಟ್ಟು, ಆಂಬುಲೆನ್ಸಿನಲ್ಲಿ ತುಮಕೂರಿಗೆ ಸಾಗಿಸಿದರು. ಅವಧಿಗೆ ಮುನ್ನವೇ ಹೆರಿಗೆಯಾಯಿತು. ಕೂಸು ಕೆಲವು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂತು. ಆ ಚುಚ್ಚುಮದ್ದಿನ ಬೆಲೆಯನ್ನು 33 ದೇಶಗಳ 10,000ಕ್ಕೂ ಹೆಚ್ಚು ಸ್ತ್ರೀಯರು ಪಾಲ್ಗೊಂಡು 2002ರಲ್ಲಿ ಪ್ರಕಟವಾದ ಅಧ್ಯಯನ ಸಾಬೀತುಪಡಿಸಿತ್ತು; ಅದು ಸೆಳವಿನ ಅಪಾಯವನ್ನು ಅರ್ಧಕ್ಕಿಂತಲೂ ಕೆಳಗಿಳಿಸುತ್ತದೆ.

ಉಪವಾಸದಿಂದ ಗರ್ಭನಂಜು ಬಂತೆಂದು ಯಾರೂ ಭಾವಿಸಬಾರದು. ಅದರ ಕಾರಣಗಳು ಬೇರೆ. ಉಪವಾಸದ ದಣಿವೆಂಬ ನೆಪ ರೋಗದ ಮುನ್ಸೂಚನೆಯನ್ನು ಮರೆಮಾಡಿತು, ಪಾರಣೆಯ ಹಟ ಒಂದು ಅಮೂಲ್ಯ ರಾತ್ರಿಯನ್ನು ಕಳೆಯುವುದರಲ್ಲಿತ್ತು. ಅಪಾಯವಿದ್ದುದು ಅಲ್ಲಿ. ಅರೆತಲೆನೋವಿನ ಹಿನ್ನೆಲೆಯುಳ್ಳವರಲ್ಲಿ ಗರ್ಭನಂಜಿನ ಸಂಭವ ತುಸು ಹೆಚ್ಚೆಂದು ಅಧ್ಯಯನಗಳು ಹೇಳುತ್ತವೆ. ಆದ್ದರಿಂದ ಐದು ತಿಂಗಳು ಕಳೆದ ಗರ್ಭಿಣಿಗೆ ಹೊಸ ಬಗೆಯ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದ ನೋವು, ಮುಖ ಕೈಗಳ ಊತ ಇವುಗಳಲ್ಲಿ ಯಾವುದು ಕಂಡರೂ ಅಂದೇ ರಕ್ತದೊತ್ತಡ ನೋಡಿಸಬೇಕು. 140/90 ಮುಟ್ಟಿದರೆ ವೈದ್ಯರ ಕಣ್ಗಾವಲು ಅನಿವಾರ್ಯ.

ಧರ್ಮ ಇಲ್ಲಿ ಏನು ಹೇಳುತ್ತದೆ? ತತ್ತ್ವಾರ್ಥಸೂತ್ರವು ತೀರ್ಥಂಕರತ್ವಕ್ಕೆ ಕಾರಣವಾಗುವ ಹದಿನಾರು ಭಾವನೆಗಳನ್ನು ಎಣಿಸುವಾಗ ತ್ಯಾಗ ಮತ್ತು ತಪಸ್ಸುಗಳಿಗೆ ‘ಶಕ್ತಿತಃ’, ಅಂದರೆ ಶಕ್ತಿಗೆ ಅನುಸಾರವಾಗಿ, ಎಂಬ ಕಟ್ಟು ಹಾಕಿದೆ. ತಪಸ್ಸುಗಳು ಹನ್ನೆರಡು, ಅನಶನ ಅವುಗಳಲ್ಲಿ ಒಂದು ಮಾತ್ರ. ಸ್ವಾಧ್ಯಾಯವೂ ತಪಸ್ಸು, ಧ್ಯಾನವೂ ತಪಸ್ಸು. ಗರ್ಭಿಣಿ ಇವುಗಳಿಂದ ಪರ್ವವನ್ನು ಆಚರಿಸಬಹುದು. ವೈಯಾವೃತ್ಯ, ಅಂದರೆ ಸೇವೆ, ಅದೂ ಹನ್ನೆರಡರಲ್ಲಿ ಸೇರಿದೆ. ಶಾಸ್ತ್ರ ಅದನ್ನು ಮುನಿಗಳ ಸಂದರ್ಭದಲ್ಲಿ ಹೇಳಿದ್ದರೂ ಅದರ ಭಾವ ಗೃಹಸ್ಥರ ಮನೆಗೂ ಸಲ್ಲುತ್ತದೆ. ಅಂದು ಸೊಸೆಯ ಬಳೆಯನ್ನು ಗಮನಿಸಿದ ಅತ್ತೆಯವರು ಆಚರಿಸಿದ್ದು ಅದನ್ನೇ. ಅದೇ ಗ್ರಂಥ ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಗುರುತಿಸುತ್ತದೆ. ರೋಗದ ಕುರುಹು ಕಂಡೂ ನಾಳೆ ನೋಡೋಣವೆನ್ನುವುದು ಪ್ರಮಾದವಲ್ಲವೆ? ದಶಲಕ್ಷಣಗಳಲ್ಲಿ ಆರ್ಜವವೂ ಒಂದು. ನೋವನ್ನು ಇದ್ದಂತೆ ಹೇಳಿಕೊಳ್ಳುವುದು ದೌರ್ಬಲ್ಯವಲ್ಲ, ಆರ್ಜವ.

ರತ್ನಕರಂಡಕ ಶ್ರಾವಕಾಚಾರವನ್ನು ರಚಿಸಿದ ಸಮಂತಭದ್ರಾಚಾರ್ಯರ ಕಥೆ ಪರಂಪರೆಯಲ್ಲಿ ಪ್ರಸಿದ್ಧ. ಎಷ್ಟು ಉಂಡರೂ ತಣಿಯದ ಭಸ್ಮಕ ರೋಗ ಅವರನ್ನು ಬಾಧಿಸಿದಾಗ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ, ಮುನಿವೇಷವನ್ನು ತಾತ್ಕಾಲಿಕವಾಗಿ ಬಿಟ್ಟು ರೋಗವನ್ನು ಗುಣಪಡಿಸಿಕೊಂಡು ಮರಳಿ ದೀಕ್ಷೆ ಪಡೆಯೆಂದರು. ಅವರು ಹಾಗೆಯೇ ನಡೆದುಕೊಂಡರು. ಸಲ್ಲೇಖನಕ್ಕೆ ಯೋಗ್ಯವಾದ ರೋಗವು ಪ್ರತೀಕಾರವಿಲ್ಲದ್ದಾಗಿರಬೇಕೆಂದು ಅವರ ಶ್ರಾವಕಾಚಾರ ವಿಧಿಸುತ್ತದೆ. ಮದ್ದಿರುವ ರೋಗಕ್ಕೆ ಮದ್ದು ಮಾಡುವುದು ವ್ರತಭಂಗವಲ್ಲ. ಅಸಾತಾವೇದನೀಯ ಕರ್ಮದ ಉದಯವೆಂದು ಕೈಕಟ್ಟಿ ಕೂರಬೇಕಾಗಿದ್ದರೆ ನಾಲ್ಕು ದಾನಗಳಲ್ಲಿ ಔಷಧದಾನವೇಕೆ ಸೇರುತ್ತಿತ್ತು?

ಬಸದಿಗಳ ಆಡಳಿತ ಮಂಡಳಿಗಳು ಆ ದಾನವನ್ನು ಇಂದಿನ ರೀತಿಯಲ್ಲಿ ನೆರವೇರಿಸಬಹುದು. ರಕ್ತದೊತ್ತಡ ಅಳೆಯುವ ಯಂತ್ರವೊಂದನ್ನು ಬಸದಿಯಲ್ಲಿ ಇಡುವುದು ದೊಡ್ಡ ಖರ್ಚಲ್ಲ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಂತೆ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯುಂಟು. ತುರ್ತಿಗೆ 108 ಉಂಟು. ಪರ್ವಕ್ಕೆ ಮುನ್ನ ಪ್ರವಚನದಲ್ಲಿ ಇಷ್ಟನ್ನು ತಿಳಿಸಿ, ಗರ್ಭಿಣಿಯರು ಉಪವಾಸಕ್ಕೆ ಬದಲಾಗಿ ಸ್ವಾಧ್ಯಾಯ ಕೈಗೊಳ್ಳಲೆಂದು ಹಿರಿಯರ ಬಾಯಿಂದಲೇ ಹೇಳಿಸಬೇಕು. ಗರ್ಭಿಣಿ ತಾನಾಗಿ ಉಪವಾಸ ಬಿಟ್ಟರೆ ಮನಸ್ಸಿಗೆ ಅಳುಕು ತಟ್ಟುತ್ತದೆ. ಹಿರಿಯರು ಬಿಡಿಸಿದರೆ ಆಕೆ ನೆಮ್ಮದಿಯಿಂದ ಉಣ್ಣುತ್ತಾಳೆ.