ಅಪ್ಪನ ಕೈಗೆ ಒಗ್ಗುವ ರೆಕಾರ್ಡ್ ಪ್ಲೇಯರ್

ನಿಮ್ಮ ಮನೆಯ ಅಟ್ಟದಲ್ಲೋ ಬೀರುವಿನ ತಳದಲ್ಲೋ ಹಳೇ ಗ್ರಾಮಫೋನ್ ಪ್ಲೇಟುಗಳು ಇನ್ನೂ ಉಳಿದಿದ್ದರೆ ಈ ಬರಹ ನಿಮಗಾಗಿ. ಇಲ್ಲದಿದ್ದರೂ ಪರವಾಗಿಲ್ಲ. ವಯಸ್ಸಾದ ಅಪ್ಪ-ಅಮ್ಮನಿಗೆ ಏನಾದರೂ ಕೊಡಿಸಲು ಹೊರಟವರಿಗೆ ಇದರಲ್ಲಿ ಒಂದೆರಡು ಮಾತು ಉಪಯೋಗಕ್ಕೆ ಬರಬಹುದು.

ಹಾಸನದ ನಮ್ಮ ಮನೆಯಲ್ಲಿ ಇರುವುದು ಒಟ್ಟು 46 ಪ್ಲೇಟು. 29 ಎಲ್‌ಪಿ, 14 ಇಪಿ, ತಾತನ ಕಾಲದ ಮೂರು 78. ತಾತನದ್ದು ಬಿಟ್ಟರೆ ಉಳಿದದ್ದೆಲ್ಲ ಹೈಸ್ಕೂಲ್ ಮೇಷ್ಟ್ರಾಗಿದ್ದ ಅಪ್ಪ ಮದುವೆಗೆ ಮುಂಚೆ, ಸಂಬಳದಲ್ಲಿ ಉಳಿಸಿ ಉಳಿಸಿ ಕೂಡಿಹಾಕಿದ್ದು. ಎಲ್‌ಪಿಗಳಲ್ಲಿ ಭೀಮಸೇನ ಜೋಶಿ, ಎಂ.ಎಸ್. ಸುಬ್ಬುಲಕ್ಷ್ಮಿ, ಬಾಲಮುರಳಿಕೃಷ್ಣ ಇದ್ದಾರೆ. ಇಪಿಗಳಲ್ಲಿ 'ನಾಗರಹಾವು', 'ಬಂಗಾರದ ಮನುಷ್ಯ' ಚಿತ್ರಗಳ ಹಾಡುಗಳಿವೆ. ಎರಡೂ 1972ರ ಸಿನಿಮಾ, ಅಪ್ಪ ಆಗ ಪಿಯುಸಿ ಓದುತ್ತಿದ್ದರಂತೆ. ಪ್ಲೇಟುಗಳಿದ್ದವು, ಪ್ಲೇಯರ್ ಇರಲಿಲ್ಲ. ಕ್ಯಾಸೆಟ್ ಬಂದ ಮೇಲೆ ಹಳೇ ಪ್ಲೇಯರಿಗೆ ಮುಳ್ಳು ಸಿಗದೆ, ನಾನು ಹುಟ್ಟುವ ಹೊತ್ತಿಗೆ ಅದು ಗುಜರಿ ಸೇರಿತ್ತು. ಆದರೂ ಪ್ರತಿ ಆಯುಧಪೂಜೆಗೆ ಅಪ್ಪ ಪ್ಲೇಟುಗಳನ್ನು ಕೆಳಗಿಳಿಸಿ, ಕವರುಗಳ ಧೂಳು ಒರೆಸಿ, ಮತ್ತೆ ಮೇಲಿಡುತ್ತಿದ್ದರು. ನಾನು ಕಂಡಂತೆ ಮೂವತ್ತು ವರ್ಷ ಅವು ಬರೀ ನೋಡುವ ವಸ್ತುಗಳೇ.

ಕಳೆದ ವರ್ಷ ಬೋನಸ್ ಬಂದಾಗ, ಅಪ್ಪನಿಗೆ ಒಂದು ಪ್ಲೇಯರ್ ಕೊಡಿಸೋಣ ಅಂದುಕೊಂಡೆ. ಅಮ್ಮ ಮೊದಲೇ ತಕರಾರು ತೆಗೆದಳು. "ಫೋನಲ್ಲಿ ಒತ್ತಿದ್ರೆ ಅದೇ ಹಾಡು ಬರುತ್ತೆ. ಅದಕ್ಯಾಕೆ ಅಷ್ಟು ದುಡ್ಡು ಸುರೀತೀಯ?" ಅವಳ ಮಾತಲ್ಲಿ ತಪ್ಪೇನಿಲ್ಲ. ನಮ್ಮ ಮನೆಯಲ್ಲಿ ದಿನಾ ಪ್ಲೇಟು ಹಾಕಿಕೊಂಡು ಕೂರುವವರು ಯಾರೂ ಇಲ್ಲ. ಭಾನುವಾರ ತಿಂಡಿ ಆದ ಮೇಲೆ ಒಂದೆರಡು ಎಲ್‌ಪಿ, ಅಷ್ಟೇ. ಹಾಗಾಗಿ ಒಂದು ಮಿತಿ ಹಾಕಿಕೊಂಡೆ. ಪ್ಲೇಯರ್, ಸ್ಪೀಕರ್, ಬ್ರಷ್ ಎಲ್ಲ ಸೇರಿ 25 ಸಾವಿರ ದಾಟಬಾರದು.

ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿತ್ತು. ನಾಲ್ಕೈದು ವರ್ಷದಿಂದ ಅಪ್ಪನ ಬಲಗೈ ನಡುಗುತ್ತೆ. ಪಾರ್ಕಿನ್ಸನ್ ಅಲ್ಲ, 'ಎಸೆನ್ಷಿಯಲ್ ಟ್ರೆಮರ್' ಅಂದರು ಡಾಕ್ಟರು. ಕೈ ಸುಮ್ಮನೆ ತೊಡೆ ಮೇಲಿದ್ದಾಗ ಏನೂ ಗೊತ್ತಾಗುವುದಿಲ್ಲ. ಲೋಟ ಎತ್ತುವಾಗ, ಸಹಿ ಮಾಡುವಾಗ, ಸೂಕ್ಷ್ಮವಾದದ್ದು ಏನಾದರೂ ಮಾಡಲು ಹೋದಾಗಲೇ ನಡುಕ ಶುರು. ಅಮ್ಮ ಈಗ ಅವರ ಕಾಫಿ ಲೋಟವನ್ನು ಅರ್ಧ ಮಾತ್ರ ತುಂಬಿಸಿ ಕೊಡುತ್ತಾಳೆ. ಆ ಬಗ್ಗೆ ಅವಳೂ ಮಾತಾಡಿಲ್ಲ, ಅವರೂ ಕೇಳಿಲ್ಲ.

ಪ್ಲೇಯರ್ ವಿಷಯ ಎತ್ತಿದಾಗ ಅಪ್ಪ ನಕ್ಕರು. "ನಾನು ಮುಳ್ಳು ಇಡೋಕೆ ಹೋದ್ರೆ ಪ್ಲೇಟ್ ಮೇಲೆ ರಂಗೋಲಿ ಬಿಡಿಸಿದ ಹಾಗಾಗುತ್ತೆ ಕಣಮ್ಮ. ನೀನು ಊರಿಗೆ ಬಂದಾಗ ನೀನೇ ಹಾಕು, ಕೇಳ್ತೀನಿ." ನಾನು ಬೆಂಗಳೂರಿನಿಂದ ಹೋಗುವುದು ತಿಂಗಳಿಗೊಮ್ಮೆ. ಮಗಳು ಬಂದಾಗ ಮಾತ್ರ ಹಾಡುವ ಪೆಟ್ಟಿಗೆ ಇಟ್ಟುಕೊಂಡು ಅವರು ಏನು ಮಾಡಬೇಕು? ಯಾರನ್ನೂ ಕರೆಯದೆ ಅವರೇ ಹಾಕಿಕೊಂಡು ಕೇಳುವಂತಿರಬೇಕು. ಪಟ್ಟಿಯಲ್ಲಿ ಮೊದಲನೇ ಸಾಲಿಗೆ ಅದನ್ನೇ ಬರೆದೆ.

ಆಮೇಲೆ ಯಂತ್ರದ ವಿಷಯ ಓದಲು ಕೂತೆ. ಓದಿದ್ದರ ಸಾರ ಇಷ್ಟು. ಪ್ಲೇಟಿನ ಮೇಲೆ ಸುರುಳಿಯಾಗಿ ಒಂದೇ ಒಂದು ಗೀರು ಇರುತ್ತೆ. ಅದರ ಗೋಡೆಗಳ ಏರುಪೇರೇ ಹಾಡು. ಮುಳ್ಳು ಆ ಗೀರಿನೊಳಗೆ ಸಾಗುವಾಗ ಅದುರುತ್ತೆ. ಮುಳ್ಳಿನ ಹಿಂದೆ ಇರುವ ಕಾರ್ಟ್ರಿಜ್ ಅನ್ನುವ ಪುಟ್ಟ ಡಬ್ಬಿ ಆ ಅದುರನ್ನು ವಿದ್ಯುತ್ತಾಗಿ ಬದಲಿಸುತ್ತೆ. ಒಳ್ಳೆಯ ಪ್ಲೇಯರುಗಳಲ್ಲಿ ಸಾಮಾನ್ಯವಾಗಿ ಇರುವುದು ಅಯಸ್ಕಾಂತದ ಕಾರ್ಟ್ರಿಜ್. ಅದರಿಂದ ಬರುವ ವಿದ್ಯುತ್ತು ಕೆಲವೇ ಮಿಲಿವೋಲ್ಟ್. ಜೊತೆಗೆ ಪ್ಲೇಟು ಕೆತ್ತುವಾಗ ತಗ್ಗಿನ ಸ್ವರಗಳನ್ನು ತಗ್ಗಿಸಿ, ಏರು ಸ್ವರಗಳನ್ನು ಎತ್ತಿ ಕೆತ್ತಿರುತ್ತಾರೆ. ಕೇಳುವಾಗ ಅದನ್ನು ತಿರುಗಾಮುರುಗಾ ಮಾಡಬೇಕು. ಈ ಎರಡೂ ಕೆಲಸ ಮಾಡುವುದು 'ಫೋನೊ ಪ್ರೀಆಂಪ್'. ಅದು ಪ್ಲೇಯರಿನೊಳಗೇ ಇದ್ದರೆ ಸ್ಪೀಕರಿಗೆ ನೇರ ವೈರ್ ಹಾಕಬಹುದು. ಇಲ್ಲದಿದ್ದರೆ ಅದಕ್ಕೊಂದು ಬೇರೆ ಪೆಟ್ಟಿಗೆ, ಬೇರೆ ಅಡಾಪ್ಟರ್, ಬೇರೆ ಖರ್ಚು.

ಮೊದಲು ಕಣ್ಣಿಗೆ ಬಿದ್ದದ್ದು ಸೂಟ್‌ಕೇಸಿನ ಹಾಗಿರುವ, ಮುಚ್ಚಳ ತೆರೆದರೆ ಒಳಗೇ ಸ್ಪೀಕರ್ ಇರುವ ಪ್ಲೇಯರುಗಳು. ಐದಾರು ಸಾವಿರಕ್ಕೆಲ್ಲ ಸಿಗುತ್ತವೆ, ನೋಡಲು ಮುದ್ದಾಗಿವೆ. ಆದರೆ ಇಂಥ ಹಲವು ಪ್ಲೇಯರುಗಳಲ್ಲಿ ಇರುವುದು ಸೆರಾಮಿಕ್ ಕಾರ್ಟ್ರಿಜ್. ಅದು ಪ್ಲೇಟಿನ ಮೇಲೆ ಐದು ಗ್ರಾಂ ಅಥವಾ ಇನ್ನೂ ಹೆಚ್ಚು ಭಾರ ಹಾಕುತ್ತೆ. ಅಯಸ್ಕಾಂತದ ಕಾರ್ಟ್ರಿಜ್‌ಗೆ ಒಂದೂವರೆಯಿಂದ ಮೂರೂವರೆ ಗ್ರಾಂ ಸಾಕು. ಗ್ರಾಂ ಲೆಕ್ಕ ನಮಗೆ ಚಿಲ್ಲರೆ ಅನಿಸಬಹುದು, ಆದರೆ ಆ ಭಾರವೆಲ್ಲ ಬೀಳುವುದು ಮುಳ್ಳಿನ ತುದಿಯಷ್ಟು ಜಾಗದ ಮೇಲೆ. ಭಾರ ಹೆಚ್ಚಾದಷ್ಟೂ ಗೀರು ಬೇಗ ಸವೆಯುತ್ತೆ. ಅಪ್ಪ ಸಂಬಳದಲ್ಲಿ ಉಳಿಸಿ ಕೊಂಡ ಪ್ಲೇಟುಗಳ ಮೇಲೆ ಆ ಪ್ರಯೋಗ ಬೇಡ ಅನಿಸಿತು. ಸವೆದ ಪ್ಲೇಟನ್ನು ಯಾವ ಮೆಕ್ಯಾನಿಕ್ಕೂ ರಿಪೇರಿ ಮಾಡಲಾರ.

ಎರಡನೆಯ ದಾರಿ ಹಳೇ ಪ್ಲೇಯರ್. ಒಂದು ಭಾನುವಾರ ಬೆಳಗ್ಗೆ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಹೋಗಿ ಬಂದೆ. ಒಬ್ಬರ ಹತ್ತಿರ ಅಪ್ಪ ಹೇಳುತ್ತಿದ್ದಂಥದ್ದೇ ಹಳೇ ಪ್ಲೇಯರ್ ಇತ್ತು, ಮೈಯೆಲ್ಲ ಪಾಲಿಶ್ ಮಾಡಿ ಇಟ್ಟಿದ್ದರು. "ಇದಕ್ಕೆ ಮುಳ್ಳು ಎಲ್ಲಿ ಸಿಗುತ್ತೆ ಅಣ್ಣ?" ಅಂತ ಕೇಳಿದೆ. "ಈಗ ಇರೋದೇ ಬೇಕಾದಷ್ಟು ದಿನ ಬರುತ್ತೆ ಮೇಡಂ" ಅಂದರು. ನಮ್ಮ ಮೊದಲ ಪ್ಲೇಯರ್ ಗುಜರಿಗೆ ಹೋದದ್ದೇ ಮುಳ್ಳಿಲ್ಲದೆ. ನಮಸ್ಕಾರ ಹೇಳಿ ಮುಂದೆ ಹೋದೆ. ಹಳೆಯದನ್ನು ಬಿಚ್ಚಿ ಜೋಡಿಸುವ ಹವ್ಯಾಸ ಇರುವವರಿಗೆ ಅದು ಒಳ್ಳೆಯ ದಾರಿ. ನಮ್ಮಂಥ ಭಾನುವಾರದ ಕೇಳುಗರಿಗಲ್ಲ.

ಮೂರನೆಯ ಸಲಹೆ ಕೊಟ್ಟದ್ದು ಆಫೀಸಿನ ಸಹೋದ್ಯೋಗಿ. ಅವನ ಮನೆಯಲ್ಲಿ ಹಾಡಿಗಂತಲೇ ಒಂದು ರೂಮಿದೆ. "ತಗೊಂಡ್ರೆ ಮ್ಯಾನ್ಯುಯಲ್ ತಗೋ. ಆಟೋಮ್ಯಾಟಿಕ್‌ನಲ್ಲಿ ನೀನು ಏನೂ ಟ್ಯೂನ್ ಮಾಡೋಕಾಗಲ್ಲ" ಅಂದ. ಅವನು ಹೇಳಿದ್ದು ನಿಜ. ರೇಗಾ ಪ್ಲೇನಾರ್ 1ರಂಥ ಪ್ಲೇಯರಿನಲ್ಲಿ ಮುಳ್ಳನ್ನು ಕೈಯಲ್ಲೇ ಒಯ್ದು ಪ್ಲೇಟಿನ ಅಂಚಿಗೆ ತರಬೇಕು, ಮುಗಿದ ಮೇಲೆ ಕೈಯಲ್ಲೇ ಎತ್ತಬೇಕು. ವೇಗ 33ರಿಂದ 45ಕ್ಕೆ ಬದಲಿಸಲು ತಟ್ಟೆ ತೆಗೆದು ಬೆಲ್ಟನ್ನು ಕೈಯಿಂದ ಸರಿಸಬೇಕು. ಹಿಂದೆ ಇರುವ ತೂಕದ ಬಿಲ್ಲೆಯನ್ನೂ ನಾವೇ ಕೂರಿಸಬೇಕು. ಬೆಲೆಯೂ ನನ್ನ ಮಿತಿ ದಾಟುತ್ತೆ. ಕಿವಿ ಸೂಕ್ಷ್ಮವಾಗಿದ್ದು ಕೈ ಗಟ್ಟಿಯಾಗಿರುವವರಿಗೆ ಅದರ ನಾದ ಖಂಡಿತ ಮೇಲು. ಅಪ್ಪನ ಕಿವಿ ಸೂಕ್ಷ್ಮವೇ. ಕೈಯ ಕಥೆ ಬೇರೆ.

ಹಾಗಾಗಿ ಪೂರ್ತಿ ಆಟೋಮ್ಯಾಟಿಕ್ ಇರುವವುಗಳನ್ನೇ ನೋಡಿದೆ. ಕೊನೆಗೆ ಉಳಿದದ್ದು ಎರಡು, ಸೋನಿಯ ಪಿಎಸ್-ಎಲ್‌ಎಕ್ಸ್310ಬಿಟಿ ಮತ್ತು ಆಡಿಯೊ-ಟೆಕ್ನಿಕಾದ ಎಟಿ-ಎಲ್‌ಪಿ60ಎಕ್ಸ್. ಎರಡೂ ಒಂದೇ ಜಾತಿಯವು. ಬೆಲ್ಟಿನಿಂದ ತಿರುಗುತ್ತವೆ, ಎರಡು ವೇಗ ಇದೆ, ಪ್ರೀಆಂಪ್ ಒಳಗೇ ಇದೆ. ಸೋನಿಯದರಲ್ಲಿ ಬ್ಲೂಟೂತ್ ಇದೆ. ನಮಗೆ ಅದರ ಅಗತ್ಯ ಇರಲಿಲ್ಲವಾದ್ದರಿಂದ ಎರಡನೆಯದನ್ನು ತೆಗೆದುಕೊಂಡೆ. ಸ್ಟಾರ್ಟ್ ಗುಂಡಿ ಒತ್ತಿದರೆ ತಟ್ಟೆ ತಿರುಗುತ್ತೆ, ತೋಳು ತಾನೇ ಎದ್ದು ಪ್ಲೇಟಿನ ಅಂಚಿಗೆ ಹೋಗಿ ಮೆಲ್ಲಗೆ ಇಳಿಯುತ್ತೆ. ಹಾಡು ಮುಗಿದರೆ ತಾನೇ ವಾಪಸ್ ಬಂದು ಮಲಗುತ್ತೆ. ಮುಳ್ಳಿನ ಭಾರ ಕಾರ್ಖಾನೆಯಲ್ಲೇ ಹೊಂದಿಸಿ ಬಂದಿರುತ್ತೆ, ನಾವು ಮುಟ್ಟುವ ಹಾಗಿಲ್ಲ. ಸಹೋದ್ಯೋಗಿ ಕೊರತೆ ಅಂದದ್ದು ನಮ್ಮ ಮನೆಗೆ ಅನುಕೂಲವೇ ಆಯಿತು. ಪ್ಲೇಟನ್ನು ಎರಡೂ ಕೈಯಿಂದ ಅಂಚು ಹಿಡಿದು ತಟ್ಟೆಯ ಮೇಲಿಡುವುದು ಅಪ್ಪನಿಗೆ ಕಷ್ಟವಾಗುವುದಿಲ್ಲ. ಕಷ್ಟ ಇದ್ದದ್ದು ಮುಳ್ಳಿನದು. ಅದನ್ನು ಯಂತ್ರ ವಹಿಸಿಕೊಂಡಿತು.

ಬೇಕಾದಾಗ ಹೊಸ ಮುಳ್ಳು ಸುಲಭವಾಗಿ ಸಿಗುತ್ತೆ. ಅದರ ಆಯಸ್ಸಿನ ಲೆಕ್ಕವನ್ನೂ ಹಾಕಿದೆ, ಇಂಜಿನಿಯರ್ ಬುದ್ಧಿ ನೋಡಿ! ಒಂದು ಎಲ್‌ಪಿಯ ಎರಡೂ ಬದಿ ಸೇರಿ ಸುಮಾರು 40 ನಿಮಿಷ. ಭಾನುವಾರಕ್ಕೆ ಎರಡು ಎಲ್‌ಪಿ ಅಂದರೆ 80 ನಿಮಿಷ, ವರ್ಷಕ್ಕೆ ಹತ್ತಿರ ಹತ್ತಿರ 70 ಗಂಟೆ. ಮುಳ್ಳು 300 ಗಂಟೆ ಬಾಳುತ್ತೆ ಅಂತ ಇಟ್ಟುಕೊಂಡರೂ ನಾಲ್ಕು ವರ್ಷಕ್ಕೆ ಯೋಚನೆ ಇಲ್ಲ.

ಮನೆಗೆ ತಂದ ಮೇಲೆ ಒಂದು ತೊಡಕು ಕಂಡಿತು. ಇದರಲ್ಲಿ ಎರಡು ಸ್ವಿಚ್ ಇವೆ. ಒಂದು ವೇಗಕ್ಕೆ, ಇನ್ನೊಂದು ಪ್ಲೇಟಿನ ಅಳತೆಗೆ. 12 ಇಂಚಿನ ಎಲ್‌ಪಿಗೆ ವೇಗ 33, 7 ಇಂಚಿನ ಇಪಿಗೆ 45. ಪುಟ್ಟ ಇಪಿ ಇಟ್ಟು ಸ್ವಿಚ್ಚನ್ನು ದೊಡ್ಡದಕ್ಕೆ ಬಿಟ್ಟರೆ ಮುಳ್ಳು ಪ್ಲೇಟಿನ ಆಚೆ ಬರೀ ತಟ್ಟೆಯ ಮೇಲೆ ಇಳಿಯುತ್ತೆ. ಅಕ್ಷರಗಳೋ ಸಾಸಿವೆ ಕಾಳಿನಷ್ಟು. ನಾನು ಲೇಬಲ್ ಪ್ರಿಂಟ್ ಮಾಡಿ ತರುತ್ತೇನೆ ಅಂದೆ. ಅಮ್ಮ ಒಳಗೆ ಹೋಗಿ ತನ್ನ ಕುಂಕುಮದ ಸ್ಟಿಕ್ಕರಿನ ಹಾಳೆ ತಂದಳು. ಎರಡೂ ಸ್ವಿಚ್ಚಿನ ಇಪಿ ಕಡೆಗೆ ಒಂದೊಂದು ಕೆಂಪು ಬೊಟ್ಟು, 14 ಇಪಿ ಕವರುಗಳ ಮೂಲೆಗೂ ಒಂದೊಂದು ಕೆಂಪು ಬೊಟ್ಟು. "ಬೊಟ್ಟಿದ್ರೆ ಬೊಟ್ಟಿನ ಕಡೆ, ಇಲ್ದಿದ್ರೆ ಆ ಕಡೆ. ಅಷ್ಟೇ ತಾನೆ?" ಅಂದಳು. ಎಷ್ಟೋ ಸಾಫ್ಟ್‌ವೇರ್‌ಗಳಿಗೆ ಇಷ್ಟು ಸರಳವಾದ ಸೂಚನೆ ಬರೆಯಲು ನಮ್ಮ ಟೀಮಿಗೆ ಆಗಿಲ್ಲ.

ತಾತನ ಮೂರು 78 ಪ್ಲೇಟುಗಳನ್ನು ಮಾತ್ರ ಇದರಲ್ಲಿ ಹಾಕುವಂತಿಲ್ಲ. ಅವು ಅರಗಿನವು, ಬೀಳಿಸಿದರೆ ಬಳೆಯ ಹಾಗೆ ಒಡೆಯುತ್ತವೆ. ಈ ಪ್ಲೇಯರಿನಲ್ಲಿ ಆ ವೇಗವೂ ಇಲ್ಲ. ಅವುಗಳ ಗೀರು ಅಗಲ, ಅದಕ್ಕೆ ಎಲ್‌ಪಿ ಮುಳ್ಳಿಗಿಂತ ಸುಮಾರು ನಾಲ್ಕು ಪಟ್ಟು ದಪ್ಪನೆಯ ಮುಳ್ಳು ಬೇಕು. ನಿಮ್ಮ ಮನೆಯಲ್ಲಿ ಇರುವುದು ಹೆಚ್ಚಾಗಿ 78ಗಳೇ ಆಗಿದ್ದರೆ ನಾನು ಹೇಳಿದ ಪ್ಲೇಯರ್ ನಿಮಗಲ್ಲ. ಕೊಳ್ಳುವ ಮೊದಲು ಪ್ಲೇಟಿನ ನಡುವಿನ ಕಾಗದದ ಮೇಲೆ ವೇಗ ಎಷ್ಟಿದೆ ಅಂತ ಒಮ್ಮೆ ನೋಡಿಬಿಡಿ.

ಇನ್ನು ಕೆಲವು ಸಣ್ಣ ವಿಷಯಗಳು. ಸ್ಪೀಕರನ್ನು ಪ್ಲೇಯರ್ ಇಟ್ಟ ಮೇಜಿನ ಮೇಲೆ ಇಡಬೇಡಿ, ಅದರ ಅದುರು ಮುಳ್ಳಿಗೆ ತಗುಲಿ ಗುಂಯ್ ಅನ್ನುತ್ತೆ. ಮೇಜು ಸಮತಟ್ಟಾಗಿರಲಿ. ಆಟೋಮ್ಯಾಟಿಕ್ ಆದರೂ ಕರೆಂಟ್ ಹೋದರೆ ಮುಳ್ಳು ಹಾಡಿನ ನಡುವೆಯೇ ನಿಂತುಬಿಡುತ್ತೆ, ಅದಕ್ಕೆ ನಾನು ಪ್ಲಗ್ಗನ್ನು ಯುಪಿಎಸ್ ಲೈನಿಗೆ ಹಾಕಿಸಿದೆ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಡಿ. ಹಾಕುವ ಮುಂಚೆ ಕಾರ್ಬನ್ ಫೈಬರ್ ಬ್ರಷ್ಷಿನಿಂದ ಗೀರಿನ ಗುಂಟ ಒಮ್ಮೆ ಧೂಳು ತೆಗೆಯಿರಿ. ಮಳೆಗಾಲದ ಬೂಷ್ಟು ಹತ್ತಿದ್ದರೆ ಡಿಸ್ಟಿಲ್ಡ್ ವಾಟರ್, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ ಸಾಕು. ನಡುವಿನ ಕಾಗದ ನೆನೆಯದಿರಲಿ. ಅರಗಿನ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಲೇಬೇಡಿ, ಅರಗು ಅದರಲ್ಲಿ ಕರಗುತ್ತೆ.

ನಾದ ಹೇಗಿದೆ ಅಂತ ಕೇಳಿದರೆ, ಮೂವತ್ತು ವರ್ಷ ಅಟ್ಟದಲ್ಲಿದ್ದ ಪ್ಲೇಟುಗಳಲ್ಲಿ ಚಟಪಟ ಇದ್ದೇ ಇದೆ. ಎರಡು ಎಲ್‌ಪಿ ಸೊಟ್ಟಗಾಗಿವೆ, ಒಂದು ಇಪಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತೆ. ಉಳಿದವು ಚೆನ್ನಾಗಿವೆ. ದುಬಾರಿ ಪ್ಲೇಯರಿನಲ್ಲಿ ಇನ್ನೂ ಚೆನ್ನಾಗಿ ಕೇಳಿಸುತ್ತಿತ್ತು ಅನ್ನುವುದೂ ನಿಜ. ಆದರೆ ಯಾವ ಪ್ಲೇಯರಿನ ಪೆಟ್ಟಿಗೆ ಮೇಲೂ 'ಇದನ್ನು ಬಳಸುವ ಕೈ ಎಂಥದ್ದು' ಅನ್ನುವ ಕಾಲಂ ಇರುವುದಿಲ್ಲ. ಅದನ್ನು ನಾವೇ ಬರೆದುಕೊಂಡು ಅಂಗಡಿಗೆ ಹೋಗಬೇಕು.

ಮೊನ್ನೆ ಬುಧವಾರ ಲಂಚ್ ಹೊತ್ತಿನಲ್ಲಿ ಅಮ್ಮನಿಗೆ ಫೋನ್ ಮಾಡಿದ್ದೆ. ಹಿಂದಿನಿಂದ ತಂಬೂರಿ ಶ್ರುತಿ ಕೇಳಿಸುತ್ತಿತ್ತು. "ಯಾರು ಬಂದಿದ್ದಾರೆ, ಪ್ಲೇಟು ಹಾಕ್ಕೊಟ್ಟಿದ್ದು ಯಾರು?" ಅಂದೆ.

"ಯಾರೂ ಬಂದಿಲ್ಲ ಕಣೆ. ನಿಮ್ಮಪ್ಪಂದೇ. ಬೆಳಗ್ಗೆಯಿಂದ ಇದು ಮೂರನೇದು. ಊಟಕ್ಕೆ ಕರೆದ್ರೆ, ಈ ಸೈಡ್ ಮುಗೀಲಿ ಅಂತಾರೆ."

ಸಂಜೆ ಮನೆಗೆ ಹೋಗುವ ಮೊದಲೇ ಇನ್ನೊಂದು ಮುಳ್ಳಿಗೆ ಆರ್ಡರ್ ಹಾಕಿದೆ. ನಾಲ್ಕು ವರ್ಷ ಕಾಯುವ ಹಾಗೆ ಕಾಣುವುದಿಲ್ಲ.